ಬವೇರಿಯಾಕ್ಕೆ ಬೆಳಗಾವಿಯ ಕಾಸ್ಟಿಂಗ್ ಕಳಿಸುವುದು ಹೇಗೆ?

ಕರ್ನಾಟಕ ಮತ್ತು ಜರ್ಮನಿಯ ಬವೇರಿಯಾ 2007ರಿಂದ ಸೋದರ ರಾಜ್ಯಗಳು. ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆ ಫೌಂಡ್ರಿ (ಲೋಹದ ಎರಕದ ಕಾರ್ಖಾನೆ) ನಡೆಸುವ ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ಗೊತ್ತಿದ್ದವರೂ ಅದೆಲ್ಲ ಬೆಂಗಳೂರಿನ ಐಟಿಯವರ ವಿಷಯ ಅಂದುಕೊಂಡು ಬಿಟ್ಟಿದ್ದಾರೆ. ಬವೇರಿಯಾ ಅಂದರೆ ಬಿಎಂಡಬ್ಲ್ಯು, ಆಡಿ ಕಾರು ಮಾಡುವ ನಾಡು, ಹೈಡ್ರಾಲಿಕ್ಸ್‌ನಲ್ಲಿ ದೊಡ್ಡ ಹೆಸರಾದ ಬಾಷ್ ರೆಕ್ಸ್‌ರಾತ್ ಇರುವುದೂ ಅಲ್ಲಿಯೇ. ಪಂಪ್ ಹೌಸಿಂಗ್, ವಾಲ್ವ್ ಬಾಡಿ, ಬ್ರಾಕೆಟ್... ನಮ್ಮೂರಲ್ಲಿ ದಿನಾ ಎರಕ ಹೊಯ್ಯುವ ಕಾಸ್ಟಿಂಗ್ ಇವೇ ಅಲ್ವಾ?

ಆದರೆ ಸರ್ಕಾರ ಸರ್ಕಾರದ ನಡುವಿನ ಸ್ನೇಹದಿಂದ ಯಾರಿಗೂ ಆರ್ಡರ್ ಬರುವುದಿಲ್ಲ. ಸಂಬಂಧ ಹೇಳಿದ ಹಿರಿಯರು ಮನೆ ತೋರಿಸಿ ಸುಮ್ಮನಾಗುತ್ತಾರೆ, ಒಪ್ಪಿಸಿಕೊಳ್ಳುವ ಕೆಲಸ ಎರಡೂ ಮನೆಯವರದೇ. ಇದೂ ಅಷ್ಟೇ.

ಕಾಗದಪತ್ರ ಮೊದಲು ಮುಗಿಸಿಬಿಡಿ, ಅದರಲ್ಲಿ ಕಷ್ಟದ್ದೇನಿಲ್ಲ. ವಿದೇಶ ವ್ಯಾಪಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಡಿಜಿಎಫ್‌ಟಿ ವೆಬ್‌ಸೈಟಿನಲ್ಲಿ ಐಇಸಿ, ಅಂದರೆ ಆಮದು-ರಫ್ತಿನ ನಂಬರ್ ತೆಗೆದುಕೊಳ್ಳಿ, ಶುಲ್ಕ 500 ರೂಪಾಯಿ, ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಅಪ್‌ಡೇಟ್ ಮಾಡಬೇಕು. ಬ್ಯಾಂಕಿನಿಂದ ಎಡಿ ಕೋಡ್ ಪತ್ರ ಬೇಕು (ರಫ್ತಿನ ಹಣ ಯಾವ ಬ್ಯಾಂಕಿಗೆ ಬರುತ್ತದೆ ಅಂತ ಕಸ್ಟಮ್ಸ್‌ಗೆ ತಿಳಿಸುವ ಕೋಡ್ ಇದು). ಐಜಿಎಸ್‌ಟಿ ತೆರಿಗೆ ಕಟ್ಟದೆ ಮಾಲು ಕಳಿಸಲು ಎಲ್‌ಯುಟಿ ಅನ್ನುವ ಮುಚ್ಚಳಿಕೆ ಪತ್ರ ಹಾಕಬೇಕು, ಅದೂ ವರ್ಷ ವರ್ಷ ಹೊಸದಾಗಿ. ಎಂಜಿನಿಯರಿಂಗ್ ಮಾಲಿನ ರಫ್ತು ಮಂಡಳಿಯಾದ ಇಇಪಿಸಿಯ ಸದಸ್ಯತ್ವ ಮಾಡಿಸಿಕೊಳ್ಳಿ. ನಿಮ್ಮ ಸಿಎ ಇದನ್ನೆಲ್ಲ ನೋಡಿಕೊಳ್ಳುತ್ತಾರೆ.

ಇನ್ನು ಯಾರನ್ನು ಕೇಳಬೇಕು? ಬೆಳಗಾವಿಯ ಜಿಲ್ಲಾ ಕೈಗಾರಿಕಾ ಕೇಂದ್ರದಿಂದ ಶುರು ಮಾಡಿ. ಅಲ್ಲಿಂದ ಬೆಂಗಳೂರಿನ ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರ, ಜನ ವಿಟಿಪಿಸಿ ಅನ್ನುತ್ತಾರೆ. ರಾಜ್ಯದ ರಫ್ತಿಗೆ ಅದೇ ನೋಡಲ್ ಸಂಸ್ಥೆ. ಬವೇರಿಯಾ ಸರ್ಕಾರದ ಪ್ರತಿನಿಧಿ ಕಚೇರಿ ಕೂಡ ಬೆಂಗಳೂರಿನಲ್ಲೇ ಇದೆ, ಇಂಡೋ-ಜರ್ಮನ್ ಚೇಂಬರ್‌ನ ಕಚೇರಿಯೂ ಇದೆ. ಆದರೆ ಬವೇರಿಯಾದ ಕಚೇರಿ ಇರುವುದು ಮುಖ್ಯವಾಗಿ ಅವರ ನಾಡಿನ ಕಂಪನಿಗಳ ಅನುಕೂಲಕ್ಕೆ. ಹಾಗಾಗಿ 'ನಮಗೆ ಎಕ್ಸ್‌ಪೋರ್ಟ್ ಮಾಡಬೇಕು, ದಾರಿ ತೋರಿಸಿ' ಅಂತ ಬರೆದರೆ ಉಪಯೋಗವಿಲ್ಲ. 'ನಾವು 2 ಕಿಲೋದಿಂದ 40 ಕಿಲೋವರೆಗಿನ ಎಸ್‌ಜಿ ಐರನ್ ಕಾಸ್ಟಿಂಗ್ ಮಾಡುತ್ತೇವೆ, ಮಷಿನಿಂಗ್ ಮಾಡಿಯೇ ಕೊಡುತ್ತೇವೆ, ತಿಂಗಳಿಗೆ ಇಷ್ಟು ಟನ್ ಖಾಲಿ ಕೆಪ್ಯಾಸಿಟಿ ಇದೆ, ಹೈಡ್ರಾಲಿಕ್ಸ್ ಕಂಪನಿಗಳ ಪರ್ಚೇಸ್ ವಿಭಾಗದ ಪರಿಚಯ ಬೇಕು' ಅಂತ ಬರೆಯಿರಿ. (ಎಸ್‌ಜಿ ಐರನ್ ಅಂದರೆ ಸುಲಭವಾಗಿ ಒಡೆಯದ ಎರಕದ ಕಬ್ಬಿಣ, ಮಷಿನಿಂಗ್ ಅಂದರೆ ಯಂತ್ರದಲ್ಲಿ ಕಡೆದು ಅಳತೆಗೆ ತರುವುದು.) ಜೊತೆಗೆ ಒಂದೇ ಪುಟದ ಪ್ರೊಫೈಲ್, ಮಾಲಿನ 4 ಒಳ್ಳೆಯ ಫೋಟೊ. ಆಫೀಸಿನ ಉದ್ಘಾಟನೆಯ ಫೋಟೊ ಬೇಡ.

ಜಾಸ್ತಿ ಹೊತ್ತು ಕೊಡಬೇಕಾದದ್ದು ಡ್ರಾಯಿಂಗಿಗೆ. ಅಲ್ಲಿಂದ ಬರುವ ಡ್ರಾಯಿಂಗಿನಲ್ಲಿ ಉದಾಹರಣೆಗೆ 'ಇಎನ್-ಜಿಜೆಎಸ್-400-15' ಅಂತ ಇರುತ್ತದೆ. ಅದು ಯುರೋಪಿನ ಇಎನ್ 1563 ಸ್ಟ್ಯಾಂಡರ್ಡ್‌ನ ಗ್ರೇಡ್: 400 ಅಂದರೆ ಟೆನ್ಸೈಲ್ (ಎಳೆತ ತಡೆಯುವ ಬಲ) ಮೆಗಾಪಾಸ್ಕಲ್‌ನಲ್ಲಿ, 15 ಅಂದರೆ ಎಲಾಂಗೇಷನ್ (ಮುರಿಯುವ ಮೊದಲು ಎಷ್ಟು ಹಿಗ್ಗುತ್ತದೆ) ಶೇಕಡಾವಾರು. ನಮ್ಮ ಭಾರತೀಯ ಸ್ಟ್ಯಾಂಡರ್ಡ್ ಐಎಸ್ 1865ರ ಎಸ್‌ಜಿ 400/15 ಇದಕ್ಕೆ ಹತ್ತಿರದ್ದೇ, ಆದರೂ ಕೊಟೇಶನ್‌ನಲ್ಲಿ ಅವರ ಗ್ರೇಡನ್ನೇ ಬರೆಯಿರಿ. ಕೆಳಗಿನ ಮೂಲೆಯಲ್ಲಿ '3.1' ಅಂತ ಸಣ್ಣದಾಗಿ ಇದ್ದರೆ ಬಿಟ್ಟು ಹೋಗಬೇಡಿ. ಇಎನ್ 10204ರ ಪ್ರಕಾರ ಟೆಸ್ಟ್ ಸರ್ಟಿಫಿಕೇಟ್ ಬೇಕು ಅಂತ ಅದರ ಅರ್ಥ: ಪ್ರೊಡಕ್ಷನ್‌ನವರಲ್ಲ, ಅವರ ಕೈಕೆಳಗಿಲ್ಲದ ಇನ್‌ಸ್ಪೆಕ್ಷನ್‌ನವರು ಸಹಿ ಹಾಕಬೇಕು, ಕಳಿಸಿದ ಮಾಲಿನದೇ ರಿಸಲ್ಟ್ ಇರಬೇಕು. ಅಂದರೆ ಕಾಸ್ಟಿಂಗ್ ಮೇಲಿನ ಹೀಟ್ ನಂಬರ್ (ಯಾವ ಸಲ ಕರಗಿಸಿದ ಲೋಹ ಅಂತ ಹೇಳುವ ನಂಬರ್), ಆ ಹೀಟ್‌ನ ಸ್ಪೆಕ್ಟ್ರೋ ರಿಪೋರ್ಟ್ (ಲೋಹದಲ್ಲಿ ಏನೇನು ಎಷ್ಟಿದೆ ಅನ್ನುವ ವರದಿ), ಟೆಸ್ಟ್ ಬಾರ್‌ನ (ಪರೀಕ್ಷೆಗೆ ಎರಕ ಹೊಯ್ದ ತುಂಡಿನ) ರಿಸಲ್ಟ್ ಮೂರೂ ತಾಳೆಯಾಗಬೇಕು. ಫೆಟ್ಲಿಂಗ್‌ನಲ್ಲಿ, ಅಂದರೆ ಎರಕದ ಹೆಚ್ಚುವರಿ ಅಂಚು ತೆಗೆಯುವಾಗ, ಗ್ರೈಂಡರ್ ಹೊಡೆದು ಹೀಟ್ ನಂಬರೇ ಅಳಿಸಿಹೋದರೆ ಆ ಪೀಸ್ ಎಷ್ಟೇ ಚೆನ್ನಾಗಿದ್ದರೂ ಯಾವ ಹೀಟಿನದು ಅಂತ ತೋರಿಸುವುದು ಹೇಗೆ? ಗ್ರೈಂಡಿಂಗ್ ಇಲ್ಲದ ಜಾಗದಲ್ಲಿ ನಂಬರ್ ಬರುವಂತೆ ಪ್ಯಾಟರ್ನ್‌ನಲ್ಲೇ (ಅಚ್ಚು ಮಾಡುವ ಮಾದರಿಯಲ್ಲೇ) ವ್ಯವಸ್ಥೆ ಮಾಡಿಸಿ.

ಆಗದ ಟಾಲರೆನ್ಸ್‌ಗೆ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸಕ್ಕೆ) ಆಗುತ್ತದೆ ಅನ್ನಬೇಡಿ. 'ಈ ಡೈಮೆನ್ಷನ್ ಎರಕದಲ್ಲಿ ಬರುವುದಿಲ್ಲ, ಮಷಿನಿಂಗ್ ಬೇಕು, ಬೆಲೆ ಇಷ್ಟಾಗುತ್ತದೆ' ಅಂತ ಎರಡು ದಿನದೊಳಗೆ ಉತ್ತರ ಬರೆದವರ ಮೇಲೆ ಖರೀದಿದಾರರಿಗೆ ನಂಬಿಕೆ ಹುಟ್ಟುತ್ತದೆ. ಆಗಸ್ಟ್‌ನಲ್ಲಿ ಅಲ್ಲಿ ರಜೆಗಾಲ, ಮೇಲ್‌ಗೆ ಉತ್ತರ ಬರದಿದ್ದರೆ ಗಾಬರಿ ಬೇಡ.

ಈಗ ಹೊಸದೊಂದು ಇದೆ, ಸಿಬಿಎಎಂ, ಯುರೋಪಿಗೆ ಬರುವ ಮಾಲು ತಯಾರಿಸುವಾಗ ಎಷ್ಟು ಕಾರ್ಬನ್ ಹೊರಬಿತ್ತು ಅನ್ನುವ ಲೆಕ್ಕ. 2026ರ ಜನವರಿ 1ರಿಂದ ಪೂರ್ತಿ ಜಾರಿಯಲ್ಲಿದೆ. ಎಲ್ಲ ಕಾಸ್ಟಿಂಗಿಗೂ ಇದು ಅನ್ವಯಿಸುವುದಿಲ್ಲ. ಪೈಪ್ ಫಿಟ್ಟಿಂಗ್‌ನ ಎಚ್‌ಎಸ್ ಕೋಡ್ (ಕಸ್ಟಮ್ಸ್‌ನಲ್ಲಿ ಮಾಲನ್ನು ಗುರುತಿಸುವ ನಂಬರ್) 7307 ಅದರಲ್ಲಿ ಬರುತ್ತದೆ. ಆದ್ದರಿಂದ ನಿಮ್ಮ ಮಾಲಿನ ಎಚ್‌ಎಸ್ ಕೋಡ್ ಯಾವುದು ಅಂತ ಮೊದಲು ಸರಿಯಾಗಿ ತಿಳಿದುಕೊಳ್ಳಿ. ಪಿಗ್ ಐರನ್ ಎಲ್ಲಿಂದ ಬಂತು, ಸ್ಕ್ರ್ಯಾಪ್ ಎಷ್ಟು, ಕೋಕ್ ಎಷ್ಟು ಸುಟ್ಟಿತು, ಈ ಲೆಕ್ಕ ಈಗಿನಿಂದಲೇ ಬರೆದಿಡಿ. ಅಲ್ಲಿನ ಇಂಪೋರ್ಟರ್ ಇದನ್ನು ಕೇಳಿದಾಗ ತಕ್ಷಣ ಕೊಡುವ ಸಣ್ಣ ಫೌಂಡ್ರಿಗೆ ದೊಡ್ಡವರ ಮುಂದೆಯೂ ಬೆಲೆ ಇರುತ್ತದೆ.

ಅಲ್ಲಿಗೆ ಹೋಗಿ ಬರಬೇಕು ಅಂದರೆ ಮ್ಯೂನಿಕ್‌ನ ಬಾಮಾ ಮೇಳ ಒಳ್ಳೆಯ ಸಂದರ್ಭ. ಕಟ್ಟಡ ಮತ್ತು ಗಣಿ ಯಂತ್ರಗಳ ಈ ಮೇಳ 3 ವರ್ಷಕ್ಕೊಮ್ಮೆ ನಡೆಯುತ್ತದೆ, ಮುಂದಿನದು 2028ರ ಏಪ್ರಿಲ್‌ನಲ್ಲಿ. ಮೊದಲ ಸಲ ಸ್ಟಾಲ್ ಹಾಕಿ ದುಡ್ಡು ಸುರಿಯಬೇಡಿ. ಬ್ಯಾಗಿನಲ್ಲಿ ಒಂದು ಸಣ್ಣ ಕಾಸ್ಟಿಂಗ್, ಅದರ ರಿಪೋರ್ಟ್ ಇಟ್ಟುಕೊಂಡು ವಿಸಿಟರ್ ಆಗಿ ಹೋಗಿ.

ಮೊದಲ ಆರ್ಡರ್ ಚಿಕ್ಕದಿದ್ದರೂ ಅಡ್ವಾನ್ಸ್ ಅಥವಾ ಎಲ್‌ಸಿ (ಹಣಕ್ಕೆ ಬ್ಯಾಂಕ್ ಕೊಡುವ ಖಾತ್ರಿ ಪತ್ರ) ಕೇಳಿ, ಸಾಲದ ಮೇಲೆ ಕಳಿಸುವುದಾದರೆ ಹಣ ಬಾರದ ಅಪಾಯಕ್ಕೆ ಇಸಿಜಿಸಿ ವಿಮೆ ಮಾಡಿಸಿ. ಮಾಲು ಸಾಮಾನ್ಯವಾಗಿ ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿನಿಂದ ಹೋಗುತ್ತದೆ, ಮಳೆಗಾಲದಲ್ಲಿ ಸಮುದ್ರದ ತೇವಕ್ಕೆ ಮಷಿನಿಂಗ್ ಆದ ಮುಖ ತುಕ್ಕು ಹಿಡಿಯುತ್ತದೆ. ತುಕ್ಕು ತಡೆಯುವ ವಿಸಿಐ ಕವರ್ ಹಾಕಿ, ಆಂಟಿ-ರಸ್ಟ್ ಎಣ್ಣೆ ಹಚ್ಚಿ. ಮರದ ಪೆಟ್ಟಿಗೆ, ಮರದ ಜೊತೆ ಹುಳ ಹೋಗದಂತೆ ಇರುವ ಅಂತರರಾಷ್ಟ್ರೀಯ ನಿಯಮ ಐಎಸ್‌ಪಿಎಂ 15 ಪ್ರಕಾರ ಹೀಟ್ ಟ್ರೀಟ್ ಆಗಿ ಮುದ್ರೆ ಬಿದ್ದಿರಬೇಕು. ಮುದ್ರೆ ಕಾಣುವಂತೆ ಫೋಟೊ ತೆಗೆದು, ಪೆಟ್ಟಿಗೆ ಲಾರಿ ಹತ್ತುವ ಮೊದಲೇ ಖರೀದಿದಾರರಿಗೆ ಕಳಿಸಿ.