ಓದಿದ್ದು ನೆನಪಿರಬೇಕಾದರೆ ಪುಸ್ತಕ ಮುಚ್ಚಿ

ಸರಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಓದುತ್ತಿರುವ ಬದಿಯಡ್ಕ, ಕುಂಬಳೆ ಕಡೆಯವರಿಗೆ ಒಂದು ಸಲಹೆ. ಒಂದೇ ಪುಟವನ್ನು ಸುಮ್ನೆ ಹತ್ತು ಸಲ ಓದಬೇಡಿ. ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಾದದ್ದನ್ನು ಬರೆಯಿರಿ. ತಡವರಿಸುತ್ತೀರಿ. ಬೇಕಾದದ್ದೂ ಅದೇ! ಕಷ್ಟಪಟ್ಟು ಹೊರತೆಗೆದ ನೆನಪು ಜಾಸ್ತಿ ದಿನ ಉಳಿಯುತ್ತದೆ.

ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡಿ ತನ್ನನ್ನೇ ಪರೀಕ್ಷಿಸಿಕೊಂಡಿದ್ದ. ಮರೆವು ಮೊದಲ ಗಂಟೆಯಲ್ಲೇ ಅತಿ ಜೋರು ಎಂದು 1885ರಲ್ಲೇ ತೋರಿಸಿದ. ಹಾಗಾಗಿ ಅದೇ ಸಂಜೆ, ಮೂರನೇ ದಿನ, ವಾರದ ಬಳಿಕ ಮತ್ತೆ ಬರೆಯಿರಿ. ನಾನು ಕಾಸರಗೋಡು ಬಸ್ಸಿನಲ್ಲಿ ಕಣ್ಣು ಮುಚ್ಚಿ ನೆನಪಿಸಿಕೊಳ್ಳುತ್ತೇನೆ. ಪಕ್ಕದವರು ನಿದ್ದೆ ಅಂದುಕೊಳ್ಳುತ್ತಾರೆ!

ನಿಜವಾದ ನಿದ್ದೆಯೂ ಬೇಕು, ಅಲ್ವಾ? ಹಗಲು ಹಿಪ್ಪೊಕ್ಯಾಂಪಸ್ (ಹೊಸ ನೆನಪು ಹಿಡಿಯುವ ಮಿದುಳಿನ ಭಾಗ) ಹಿಡಿದಿಟ್ಟದ್ದು ನಿದ್ದೆಯಲ್ಲೇ ಗಟ್ಟಿಯಾಗುತ್ತದೆ. ರಾತ್ರಿಯಿಡೀ ಯಕ್ಷಗಾನ ನೋಡಿದ ಮರುದಿನ ಹೊಸ ಪಾಠ ಮುಟ್ಟಬೇಡಿ.