ಬುಲಿಯನ್ ಸ್ಟಿಚ್: ಸುತ್ತು ಸಡಿಲವಿದ್ದರೇ ದಳ ಚೆಂದ

ಚಿಗುರು, ಮೊಗ್ಗು, ಅರಳಿದ ಪುಟ್ಟ ಗುಲಾಬಿಗಳಿರುವ ವಸಂತದ ಕೊಂಬೆಯೊಂದನ್ನು 6 ಇಂಚಿನ ಕಸೂತಿ ರಿಂಗ್‌ನಲ್ಲಿ ಹಾಕುವಾಗ ಹೂವಿಗೆಲ್ಲ ಬುಲಿಯನ್ ಸ್ಟಿಚ್ಚನ್ನೇ, ಅಂದರೆ ಸೂಜಿಗೆ ದಾರ ಸುತ್ತಿ ಸುರುಳಿಯಾಗಿ ಕೂರಿಸುವ ಹೊಲಿಗೆಯನ್ನೇ, ಆರಿಸಿಕೊಂಡೆ. ಕೊಂಬೆಗೆ ಹಗ್ಗದಂತೆ ಕಾಣುವ ಸ್ಟೆಮ್ ಸ್ಟಿಚ್, ಎಲೆಗೆ ಕುಣಿಕೆಯಂಥ ಲೇಜಿ ಡೇಜಿ ಹೊಲಿಗೆ. ಅವೆರಡೂ ತಕರಾರಿಲ್ಲದೆ ಮುಗಿಯುತ್ತವೆ. ಸತಾಯಿಸುವುದೆಲ್ಲ ದಳಗಳೇ.

ಅರ್ಧ ಗೋಳು ಸೂಜಿಯದು. ಸಾಮಾನ್ಯ ಕಸೂತಿ ಸೂಜಿ ಕಣ್ಣಿನ ಹತ್ತಿರ ದಪ್ಪಗಿರುತ್ತದೆ. ಸುತ್ತುಗಳ ಒಳಗಿಂದ ಎಳೆಯುವಾಗ ಆ ಉಬ್ಬು ಸಿಕ್ಕಿಕೊಂಡು ಇಡೀ ಸುರುಳಿ ಮುದ್ದೆಯಾಗುತ್ತದೆ. ಮಿಲಿನರ್ ಸೂಜಿ ಉದ್ದವಾಗಿದ್ದು ತುದಿ ಬಿಟ್ಟರೆ ಕಣ್ಣಿನವರೆಗೂ ಹೆಚ್ಚುಕಡಿಮೆ ಒಂದೇ ದಪ್ಪ. ಆರೆಳೆಯ ಹತ್ತಿ ದಾರದಲ್ಲಿ 2 ಎಳೆ ತೆಗೆದುಕೊಂಡರೆ 7ನೇ ನಂಬರ್, 3 ಎಳೆಗೆ 5ನೇ ನಂಬರ್ ನನಗೆ ಹೊಂದಿತು. ದಾರ 45 ಸೆಂಟಿಮೀಟರ್ ಸಾಕು. ಉದ್ದ ಹೆಚ್ಚಾದರೆ ಸುತ್ತಿ ಸುತ್ತಿ ಎಳೆ ಸವೆದು ನಾರೇಳುತ್ತದೆ. ರಿಂಗ್‌ನಲ್ಲಿ ಬಟ್ಟೆ ತಮಟೆಯಂತೆ ಬಿಗಿಯಾಗಿರುವುದೂ ಬೇಡ, ಸೂಜಿ ಅಡ್ಡಲಾಗಿ ಹೋಗಿ ಬರಲು ತುಸು ಸಡಿಲ ಬೇಕು.

ದಳದ ಒಂದು ತುದಿ ಕ, ಇನ್ನೊಂದು ಖ ಅಂದುಕೊಳ್ಳಿ. ಕ-ದಲ್ಲಿ ದಾರ ಮೇಲೆ ತಂದು, ಖ-ದಲ್ಲಿ ಸೂಜಿ ಚುಚ್ಚಿ, ತುದಿಯನ್ನು ಮತ್ತೆ ಕ-ದ ಪಕ್ಕದಲ್ಲೇ ಹೊರಗೆ ತೆಗೆಯಬೇಕು, ಅಲ್ಲಿರುವ ದಾರವನ್ನು ಸೀಳದಂತೆ. ಸೂಜಿಯನ್ನು ಪೂರ್ತಿ ಎಳೆಯದೆ ಬಟ್ಟೆಯಲ್ಲೇ ಬಿಟ್ಟು, ಕ-ದಿಂದ ಬಂದ ದಾರವನ್ನು ತುದಿಗೆ ಸುತ್ತುತ್ತಾ ಬುಡಕ್ಕೆ ಜಾರಿಸಿ. ಸುತ್ತುಗಳು ಪಕ್ಕಪಕ್ಕ ಕೂರಬೇಕು, ಒಂದರ ಮೇಲೊಂದು ಏರಬಾರದು. ಬಿಗಿ ಎಷ್ಟಿರಬೇಕೆಂದರೆ, ಉಗುರಿನಿಂದ ತಳ್ಳಿದರೆ ಸುತ್ತು ಸೂಜಿಯ ಮೇಲೆ ಸಲೀಸಾಗಿ ಸರಿಯಬೇಕು. ಹೊಸಬರು ಚೆನ್ನಾಗಿ ಕಾಣಲೆಂದು ಬಿಗಿಯುತ್ತಾರೆ, ಅಲ್ಲೇ ಕೆಡುವುದು.

ಸುರುಳಿಯ ಉದ್ದ ಕ–ಖ ಅಂತರದಷ್ಟಾದರೆ ದಳ ನೇರವಾಗಿ ಮಲಗುತ್ತದೆ. 2 ಎಳೆಯಲ್ಲಿ 6 ಮಿಲಿಮೀಟರ್‌ಗೆ ನನ್ನ ಕೈಯಲ್ಲಿ 10 ಸುತ್ತು ಹಿಡಿಯಿತು. ಅದೇ ಅಂತರಕ್ಕೆ 14 ಹಾಕಿದರೆ ದಳ ಕಮಾನಿನಂತೆ ಬಾಗುತ್ತದೆ, ಗುಲಾಬಿಗೆ ಬೇಕಾದದ್ದೂ ಅದೇ. ಕೈಯಿಂದ ಕೈಗೆ ಬಿಗಿ ಬೇರೆ, ಹಾಗಾಗಿ ಅದೇ ಬಟ್ಟೆಯ ಅಂಚಿನಲ್ಲಿ 6, 8, 10, 12, 14 ಸುತ್ತಿನ ಒಂದು ಸಾಲು ಹಾಕಿ ನೋಡುವುದು ಒಳ್ಳೆಯದು.

ಇನ್ನು ಎಳೆಯುವುದು. ಎಡಗೈ ಹೆಬ್ಬೆರಳನ್ನು ಸುರುಳಿಯ ಮೇಲೆ ಮೆತ್ತಗೆ ಒತ್ತಿಟ್ಟು ಸೂಜಿಯನ್ನು ನೇರವಾಗಿ, ನಿಧಾನವಾಗಿ ಎಳೆಯಿರಿ. ಸಿಕ್ಕಿಕೊಂಡರೆ ಜಗ್ಗಬೇಡಿ. ಸುತ್ತಿದ ದಾರವನ್ನು ಸ್ವಲ್ಪ ಸಡಿಲಬಿಟ್ಟು ಸೂಜಿಯನ್ನು ಅತ್ತಿತ್ತ ತಿರುಗಿಸಿದರೆ ದಾರಿ ಬಿಡುತ್ತದೆ. ಸೂಜಿ ಹೊರಬಂದ ಮೇಲೆ ದಾರವನ್ನು ಖ-ದ ಕಡೆಗೆ ಎಳೆದಾಗ ಸುರುಳಿ ಮಗುಚಿ ತನ್ನ ಜಾಗಕ್ಕೆ ಬರುತ್ತದೆ. ಒಂದೆಡೆ ಒತ್ತಾಗಿ ಇನ್ನೊಂದೆಡೆ ತೆಳುವಾಗಿದ್ದರೆ ಸೂಜಿಯ ಮೈಯನ್ನು ಸುರುಳಿಯ ಅಡಿಗೆ ತೂರಿಸಿ, ದಾರವನ್ನು ಬಿಗಿಹಿಡಿದು, ಹಿಂದಕ್ಕೂ ಮುಂದಕ್ಕೂ ಉಜ್ಜಿ, ಸುತ್ತುಗಳು ಸಮನಾಗುತ್ತವೆ. ಆಮೇಲೆ ಖ-ದಲ್ಲಿ ಕೆಳಗಿಳಿಸಿದರೆ ಒಂದು ದಳ ಆಯಿತು.

ಖ-ದ ಹತ್ತಿರ ಬರಿ ದಾರ ಇಣುಕಿದರೆ ಸುತ್ತು ಕಡಿಮೆ ಬಿದ್ದಿದೆ. ಸುರುಳಿ ಹುಳುವಿನಂತೆ ನುಲಿದರೆ ಹೆಚ್ಚಾಗಿದೆ. ಸುತ್ತುವಾಗ ಎಳೆಗಳು ಬಿಚ್ಚಿಕೊಂಡು ಅಗಲವಾಗುತ್ತಿದ್ದರೆ ಉಲ್ಟಾ ದಿಕ್ಕಿಗೆ ಸುತ್ತಿ ನೋಡಿ. ಪೂರ್ತಿ ಕೆಟ್ಟ ಗಂಟನ್ನು ಬಿಚ್ಚಲು ಹೋಗಬೇಡಿ, ಬಟ್ಟೆಯೇ ಹರಿದೀತು. ಕತ್ತರಿಸಿ ತೆಗೆಯುವುದೇ ವಾಸಿ.

ಗುಲಾಬಿಯ ನಡುವೆ ಕಡು ಗುಲಾಬಿ ಬಣ್ಣದಲ್ಲಿ 4 ಮಿಲಿಮೀಟರ್‌ನ ಎರಡು ದಳ, ತಲಾ 7 ಸುತ್ತು. ಅದರ ಸುತ್ತ ಮಧ್ಯಮ ಬಣ್ಣದ ಮೂರು ದಳ, ತಲಾ 12. ಹೊರಗೆ ತಿಳಿ ಬಣ್ಣದ ಐದು, ತಲಾ 14. ಪ್ರತಿ ದಳವನ್ನೂ ಹಿಂದಿನ ದಳದ ಕೊನೆಗಿಂತ ತುಸು ಹಿಂದೆಯೇ, ಅದರ ಮಗ್ಗುಲಲ್ಲಿ ಶುರುಮಾಡಿದರೆ ನಡುವೆ ಬಟ್ಟೆ ಕಾಣುವುದಿಲ್ಲ. ಬಾಗಿದ ದಳ ಎದ್ದು ನಿಂತರೆ ಬೆನ್ನಿನ ಮೇಲೆ, ಎರಡು ಸುತ್ತುಗಳ ಸಂದಿನಲ್ಲಿ, ಒಂದೆಳೆಯ ಚಿಕ್ಕ ಹೊಲಿಗೆ ಹಾಕಿ ಕೂರಿಸಿ. ಮೊಗ್ಗಿಗೆ ಒಂದೇ ಬುಲಿಯನ್, ಸುತ್ತ ಹಸಿರು ಲೇಜಿ ಡೇಜಿ.

ನೀರಿಗೆ ಹೋಗುವ ಪೆನ್ನಿನಲ್ಲಿ ಗುರುತು ಹಾಕಿದ್ದರೆ ಮೊದಲು ತೊಳೆದು ಆಮೇಲೆ ಇಸ್ತ್ರಿ ಮಾಡಿ, ಇಲ್ಲವಾದರೆ ಬಿಸಿಗೆ ಗೆರೆ ಅಂಟಿಕೊಂಡುಬಿಡಬಹುದು. ಇಸ್ತ್ರಿಯೂ ದಪ್ಪ ಟವೆಲ್ ಮೇಲೆ ಕಸೂತಿ ಕೆಳಮುಖವಾಗಿಟ್ಟು ಹಿಂಬದಿಯಿಂದ. ಮೇಲಿನಿಂದ ಒತ್ತಿದರೆ ಉಬ್ಬಿದ ದಳಗಳೆಲ್ಲ ಚಪ್ಪಟೆ.