ಡ್ರೈವ್ ಓಡಿದಾಗ ಸೆನ್ಸರ್ ರೀಡಿಂಗ್ ಕುಣಿಯುತ್ತಿದೆಯೇ?

ಮೋಟಾರು ನಿಂತಿರುವಾಗ ಪ್ರೆಶರ್ ರೀಡಿಂಗ್ ಸ್ಥಿರವಾಗಿರುತ್ತದೆ. ಮೋಟಾರಿನ ವೇಗ ನಿಯಂತ್ರಿಸುವ ವಿಎಫ್‌ಡಿ, ಅಂದರೆ ಡ್ರೈವ್, ಚಾಲೂ ಆದೊಡನೆ ಅಂಕಿ ಜಿಗಿಯತೊಡಗುತ್ತದೆ, ಪಿಎಲ್‌ಸಿ (ಯಂತ್ರವನ್ನು ನಡೆಸುವ ಪುಟ್ಟ ಕಂಪ್ಯೂಟರ್) ಸುಳ್ಳು ಅಲಾರಂ ಕೊಡುತ್ತದೆ. ಇಂಥ ದೂರಿಗೆ ನಮ್ಮ ಕಾರ್ಖಾನೆಗಳಲ್ಲಿ ಸಿದ್ಧ ಸಲಹೆಯೊಂದಿದೆ: ಎಲೆಕ್ಟ್ರಾನಿಕ್ಸ್‌ಗೆ ಬೇರೆ ಅರ್ತ್ ಪಿಟ್ ತೋಡಿಸಿ. ಗುಂಡಿ, ಇದ್ದಿಲು, ಉಪ್ಪು, ತಾಮ್ರದ ಪಟ್ಟಿ ಎಂದು ಖರ್ಚಾದ ಮೇಲೂ ಅಂಕಿ ಕುಣಿಯುತ್ತಲೇ ಇದ್ದರೆ ಅಚ್ಚರಿಪಡಬೇಡಿ.

ಡ್ರೈವ್ 415 ವೋಲ್ಟ್ ಎಸಿಯನ್ನು 580 ವೋಲ್ಟ್ ಆಸುಪಾಸಿನ ಡಿಸಿ ಮಾಡಿಕೊಂಡು, ಅದನ್ನು ಸೆಕೆಂಡಿಗೆ ಸಾವಿರಾರು ಬಾರಿ ಕತ್ತರಿಸಿ ಮೋಟಾರಿಗೆ ಕೊಡುತ್ತದೆ. ಪ್ರತಿ ಸಲವೂ ವೋಲ್ಟೇಜ್ ಒಂದು ಮೈಕ್ರೊಸೆಕೆಂಡಿಗೂ ಕಡಿಮೆ ಸಮಯದಲ್ಲಿ ಏರುವುದರಿಂದ ಕೇಬಲ್ ಮತ್ತು ವೈಂಡಿಂಗ್‌ಗಳಿಂದ ಒಂದಿಷ್ಟು ಕರೆಂಟ್ ಅಕ್ಕಪಕ್ಕದ ಲೋಹಕ್ಕೆ ಸೋರುತ್ತದೆ. ಅದು ಮಣ್ಣಿನಲ್ಲಿ ಇಂಗಿಹೋಗುವುದಿಲ್ಲ, ಡ್ರೈವ್‌ಗೇ ಮರಳಬೇಕು. ಹತ್ತಿರದ ದಾರಿ ಸಿಗದಿದ್ದರೆ ಸೆನ್ಸರ್ ತಂತಿಯಲ್ಲೇ ಮರಳುತ್ತದೆ. ಮಲ್ಟಿಮೀಟರಿನಲ್ಲಿ ಸೊನ್ನೆ ಓಮ್ ತೋರಿಸುವ ಅರ್ತ್ ತಂತಿಯೂ ಒಂದು ಮೆಗಾಹರ್ಟ್ಸ್‌ನಲ್ಲಿ ಪ್ರತಿ ಮೀಟರ್ ಉದ್ದಕ್ಕೆ ಸುಮಾರು ಆರು ಓಮ್ ತಡೆಯೊಡ್ಡುತ್ತದೆ. ದೂರದ ಪಿಟ್ ಈ ಕೆಲಸಕ್ಕೆ ಬಾರದಿರುವುದು ಇದಕ್ಕೇ.

ಮುಟ್ಟುವ ಮುನ್ನ ಮೇನ್ಸ್ ತೆಗೆದು, ಡ್ರೈವ್ ಮೇಲೆ ಬರೆದಷ್ಟು ನಿಮಿಷ ಕಾಯಿರಿ. ಡಿಸಿ ಟರ್ಮಿನಲ್‌ಗಳನ್ನು ಅಳೆದು ನೋಡಿ. ಕೆಪಾಸಿಟರ್‌ಗಳಲ್ಲಿ ಉಳಿದ ಚಾರ್ಜ್ ಪ್ರಾಣಕ್ಕೆ ಎರವಾಗಬಲ್ಲದು.

ಮೊದಲ ಕೆಲಸ ಪ್ಯಾನೆಲ್ಲಿನೊಳಗೆ ಡ್ರೈವ್ ಕೂರುವ ಮೌಂಟಿಂಗ್ ಪ್ಲೇಟಿನದು. ಬಣ್ಣ ಬಳಿಯದ ಗ್ಯಾಲ್ವನೈಸ್ಡ್ ಪ್ಲೇಟ್ ಉತ್ತಮ. ಬಣ್ಣವಿದ್ದರೆ ಡ್ರೈವ್ ಮತ್ತು ಇನ್‌ಪುಟ್ ಫಿಲ್ಟರ್ (ಡ್ರೈವಿನ ಗದ್ದಲ ಮೇನ್ಸ್‌ಗೆ ಹೋಗದಂತೆ ತಡೆಯುವ ಸಾಧನ) ಕೂರುವ ಜಾಗದಲ್ಲಿ ಲೋಹ ಕಾಣುವಂತೆ ಕೆರೆಯಿರಿ. ಪ್ಯಾನೆಲ್ ಬಾಗಿಲನ್ನು ಅಗಲವಾದ ಹೆಣೆದ ತಾಮ್ರಪಟ್ಟಿಯಿಂದ ಜೋಡಿಸಿ.

ಮುಂದಿನದು ಮೋಟಾರು ಕೇಬಲ್. ಹೆಚ್ಚಿನ ತೊಂದರೆ ಹುಟ್ಟುವುದೂ ಇಲ್ಲೇ, ಉಳಿತಾಯದ ಹೆಸರಿನಲ್ಲಿ ಕೈಬಿಡುವುದೂ ಇದನ್ನೇ. ಶೀಲ್ಡ್ (ತಂತಿಗಳ ಸುತ್ತಲಿನ ಲೋಹದ ಹೊದಿಕೆ) ಇರುವ ಕೇಬಲ್ ಹಾಕಿ, ಶೀಲ್ಡನ್ನು ಡ್ರೈವ್ ಮತ್ತು ಮೋಟಾರು ಎರಡೂ ಕಡೆ ಅರ್ತ್ ಮಾಡಿ. ಶೀಲ್ಡನ್ನು ಜಡೆಯಂತೆ ಹೊಸೆದು ಲಗ್ಗಿಗೆ (ತಂತಿಯ ತುದಿಗೆ ಹಾಕುವ ಲೋಹದ ಬಳೆ) ಸಿಕ್ಕಿಸುವ ರೂಢಿಯನ್ನು ಬಿಡಿ. ಆ ಐದಾರು ಇಂಚಿನ ಬಾಲವೇ ಶೀಲ್ಡಿನ ಗುಣವನ್ನು ಬಹುಮಟ್ಟಿಗೆ ಕೊಲ್ಲುತ್ತದೆ. ಹೊರಕವಚ ಸುಲಿದು, ಶೀಲ್ಡಿನ ಸುತ್ತಳತೆಯೆಲ್ಲ ಪ್ಲೇಟಿಗೆ ತಾಗುವಂತೆ ಲೋಹದ ಕ್ಲ್ಯಾಂಪ್ ಬಿಗಿಯಿರಿ. ಮೋಟಾರಿನ ಕಡೆ ಕೇಬಲ್ ಒಳಹೋಗುವಲ್ಲಿ ಶೀಲ್ಡನ್ನು ಸುತ್ತಲೂ ಹಿಡಿಯುವ ಲೋಹದ ಗ್ಲ್ಯಾಂಡ್ ಬೇಕು. ಉಕ್ಕಿನ ತಂತಿಯ ಕವಚವಿರುವ ಹಳೆಯ ಆರ್ಮರ್ಡ್ ಕೇಬಲ್ ಬದಲಿಸಲಾಗದಿದ್ದರೆ ಅದರ ಆರ್ಮರನ್ನಾದರೂ ಎರಡೂ ತುದಿಗಳಲ್ಲಿ ಹೀಗೆಯೇ ಕೂಡಿಸಿ. ತಾಮ್ರದ ಶೀಲ್ಡಿನಷ್ಟು ಫಲ ಸಿಗದು, ಆದರೂ ವ್ಯತ್ಯಾಸ ಕಾಣುತ್ತದೆ.

ಸೆನ್ಸರಿನ ಸಿಗ್ನಲ್ ಕೇಬಲ್ ಮೋಟಾರು ಕೇಬಲ್ಲಿಗೆ ಸಮಾನಾಂತರವಾಗಿ ಓಡುವುದಾದರೆ ಕನಿಷ್ಠ 300 ಮಿಲಿಮೀಟರ್ ಅಂತರವಿರಲಿ, ಸಾಧ್ಯವಾದರೆ ಬೇರೆ ಟ್ರೇ ಇರಲಿ. ದಾಟಲೇಬೇಕಾದಲ್ಲಿ ಲಂಬಕೋನದಲ್ಲಿ ದಾಟಿಸಿ. ಸೆನ್ಸರಿಗೆ ಶೀಲ್ಡ್ ಇರುವ ತಿರುಚಿದ ಜೋಡಿ ತಂತಿ ಬಳಸಿ. ಅನಲಾಗ್ ಸಿಗ್ನಲ್‌ನಲ್ಲಿ ಶೀಲ್ಡನ್ನು ಸಾಮಾನ್ಯವಾಗಿ ಪ್ಯಾನೆಲ್ ಕಡೆ ಮಾತ್ರ ಅರ್ತ್ ಮಾಡುತ್ತಾರೆ. ತಯಾರಕರು ಬೇರೆ ಹೇಳಿದ್ದರೆ ಅದನ್ನೇ ಪಾಲಿಸಿ. ಆಯ್ಕೆಯಿದ್ದರೆ 0–10 ವೋಲ್ಟ್‌ಗಿಂತ 4–20 ಮಿಲಿಆಂಪಿಯರ್ ಸೆನ್ಸರ್ ಗಟ್ಟಿ.

ಪ್ಯಾನೆಲ್ಲಿನೊಳಗಿನ ಕಾಂಟ್ಯಾಕ್ಟರ್, ರಿಲೇ, ಸೊಲೆನಾಯ್ಡ್‌ಗಳೂ ಸಾಧುಗಳಲ್ಲ. ಅವುಗಳ ಎಸಿ ಕಾಯಿಲಿಗೆ ಆರ್‌ಸಿ ಸ್ನಬ್ಬರ್ (ರೆಸಿಸ್ಟರ್-ಕೆಪಾಸಿಟರ್ ಜೋಡಿ), ಡಿಸಿ ಕಾಯಿಲಿಗೆ ಡಯೋಡನ್ನು ಸಮಾನಾಂತರವಾಗಿ ಜೋಡಿಸಿ. ಡಯೋಡಿನ ಪಟ್ಟಿಯಿರುವ ತುದಿ ಪಾಸಿಟಿವ್ ಕಡೆಗಿರಬೇಕು.

ಇನ್‌ಪುಟ್ ಫಿಲ್ಟರನ್ನು ಡ್ರೈವ್ ಪಕ್ಕದಲ್ಲೇ ಕೂರಿಸಿ. ಅದರ ಒಳತಂತಿ ಹೊರತಂತಿಗಳನ್ನು ಒಂದೇ ಕಟ್ಟಿನಲ್ಲಿ ಕಟ್ಟಿದರೆ ಫಿಲ್ಟರ್ ಹಾಕಿಯೂ ಹಾಕದಂತೆ. ಫಿಲ್ಟರ್ ಸ್ವಲ್ಪ ಕರೆಂಟನ್ನು ಅರ್ತ್‌ಗೆ ಬಿಡುವುದರಿಂದ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಸೋರಿಕೆ ಕಂಡರೆ ಕರೆಂಟ್ ಕಡಿಯುವ ಸ್ವಿಚ್) ಟ್ರಿಪ್ ಆಗಬಹುದು. ಹಾಗೆಂದು ಅರ್ತ್ ತಂತಿಯನ್ನು ಕಳಚುವ ಸಾಹಸ ಬೇಡ.

ಇಷ್ಟರ ಮೇಲೂ ರೀಡಿಂಗ್ ಅಲುಗಿದರೆ ಡ್ರೈವಿನ ಕ್ಯಾರಿಯರ್ ಫ್ರೀಕ್ವೆನ್ಸಿಯನ್ನು (ಅದು ಡಿಸಿಯನ್ನು ಕತ್ತರಿಸುವ ವೇಗ) ಇಳಿಸಿ, ಉದಾಹರಣೆಗೆ 8ರಿಂದ 4 ಕಿಲೊಹರ್ಟ್ಸ್‌ಗೆ. ಮೋಟಾರು ಮೊದಲಿಗಿಂತ ಜೋರಾಗಿ ಕೀರಲುಗುಟ್ಟಬಹುದು; ಯಂತ್ರದ ಪಕ್ಕ ದಿನವಿಡೀ ನಿಲ್ಲುವ ಆಪರೇಟರನ್ನು ಒಮ್ಮೆ ಕೇಳಿಯೇ ಇಳಿಸಿ.